ಮರಳಿ ಬಂದವರ ಮಾತು

ನಮ್ಮ ನಾಡಿನ ಹಳ್ಳಿಗಳಲ್ಲಿ ಊರ ಬಾಗಿಲಿನ ಬಳಿಯೋ ಕೆರೆಯ ಏರಿಯ ಮೇಲೋ ಗುಡಿಯ ಅಂಗಳದಲ್ಲೋ ನಿಂತಿರುವ ವೀರಗಲ್ಲನ್ನು ಕಾಣದ ವಾಚಕರು ವಿರಳ. ಕೆಳಗಿನ ಅಂಕಣದಲ್ಲಿ ವೀರನು ಕಾದುತ್ತಿರುವನು. ನಡುವಣ ಅಂಕಣದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿರುವರು. ಮೇಲಿನ ಅಂಕಣದಲ್ಲಿ ಅವನು ದೇವರ ಸನ್ನಿಧಿಯನ್ನು ಸೇರಿರುವನು. ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನಿಗೂ ಒಡೆಯನ ಪಕ್ಷದಲ್ಲಿ ಕಾದಿ ಮಡಿದವನಿಗೂ ನಮ್ಮ ಹಿರಿಯರು ಈ ಗೌರವವನ್ನು ಸಲ್ಲಿಸಿದರು. ಆದರೆ ಅದೇ ಕಾಳಗಕ್ಕೆ ಹೋಗಿ, ಗಾಯಗೊಂಡೋ ಗಾಯವಿಲ್ಲದೆಯೋ ಮನೆಗೆ ಮರಳಿದವನ ಪಾಡೇನು? ಅವನಿಗೆ ಕಲ್ಲಿಲ್ಲ. ಅವನಿಗಿರುವುದು ಬಾಯಿ, ಅದರಲ್ಲಿರುವುದು ಮಾತು. ಆ ಮಾತಿಗೆ ಬೇಕಾದುದು ಕೇಳುವ ಕಿವಿ. ಈ ಕಿವಿಯ ವಿಷಯವಾಗಿಯೇ ನಾವು ಇಂದು ಎರಡು ಮಾತನ್ನು ಅರಿಕೆಮಾಡಬೇಕೆಂದಿರುವೆವು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಶಾಸನವೊಂದುಂಟು. ಅದರ ಕಾಲ ಕ್ರಿ. ಶ. 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಚೋಳರ ರಾಜಾದಿತ್ಯನೊಡನೆ ಹೋರಾಡಿದನು. ಬೂತುಗನ ಭಟನಾದ ಮಣಲೆರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನಂತೆ. ಮಣಲೆರನು ಬೇಡಿದುದು ಕಾಳಿ ಎಂಬ ಬೇಟೆಯ ನಾಯಿಯನ್ನು! ಮುಂದೆ ಆ ನಾಯಿಯು ಕಾಡುಹಂದಿಯೊಡನೆ ಸೆಣಸಿ ಪ್ರಾಣಬಿಟ್ಟಿತು. ಅದರ ನೆನಪಿಗಾಗಿ ನಿಂತುದೇ ಈ ಕಲ್ಲು. ಸಾವಿರ ವರ್ಷಗಳ ಹಿಂದೆ ಮಹಾಸಮರವೊಂದರಿಂದ ಜೀವಸಹಿತ ಮರಳಿದ ಭಟನ ಮನಸ್ಸಿನ ಒಂದು ಎಳೆಯು, ಒಂದು ನಾಯಿಯ ದೆಸೆಯಿಂದ ನಮ್ಮವರೆಗೆ ಬಂದಿದೆ. ಆದರೆ ಆತನು ತಕ್ಕೋಲದಲ್ಲಿ ಕಂಡುದೇನು, ಮನೆಗೆ ಬಂದು ಮಡದಿಮಕ್ಕಳಿಗೆ ಹೇಳಿದುದೇನು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದು ಕಲ್ಲಿನ ಕೆಲಸವೂ ಅಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಯುದ್ಧದ ವಿಷಯದಲ್ಲಿ ಸತ್ಯವಾಗಿರುವಷ್ಟು ಬೇರೆಲ್ಲಿಯೂ ಸತ್ಯವಾಗಿಲ್ಲ. ನಾವು ಮನೆಯಲ್ಲಿ ಕುಳಿತು ಓದುವ ಯುದ್ಧವು ಬಾಣದ ಗುರುತುಗಳುಳ್ಳ ಭೂಪಟ, ಗೆದ್ದ ಊರುಗಳ ಹೆಸರು, ಸತ್ತವರ ಸಂಖ್ಯೆ. ಹೋಗಿ ಬಂದವನ ಯುದ್ಧವಾದರೋ ಒದ್ದೆಯಾದ ಕಾಲುಚೀಲ, ಬಾರದ ನಿದ್ರೆ, ಬೆಳಗಿನಲ್ಲಿ ಪಕ್ಕದಲ್ಲಿ ಕುಳಿತು ಚಹ ಕುಡಿದು ಮಧ್ಯಾಹ್ನಕ್ಕೆ ಇಲ್ಲವಾದ ಗೆಳೆಯನ ಮುಖ. ಇವೆರಡರ ನಡುವಣ ಅಂತರವನ್ನು ತಗ್ಗಿಸಬಲ್ಲವರು ಮರಳಿ ಬಂದವರು ಮಾತ್ರವೇ. ಅವರು ಹೇಳದೆ ಹೋದರೆ ಆ ಅಂತರವು ಹಾಗೆಯೇ ಉಳಿಯುವುದು. ಮುಂದಿನ ಪೀಳಿಗೆಯವರು ನುಣ್ಣಗೆ ಕಾಣುವ ಬೆಟ್ಟವನ್ನೇ ನಿಜವೆಂದು ನಂಬುವರು.

ಹಾಗಾದರೆ ಅವರು ಏತಕ್ಕೆ ಹೇಳುವುದಿಲ್ಲ? ಇದಕ್ಕೆ ಆಂಗ್ಲ ದೇಶದ ಹ್ಯಾರಿ ಪ್ಯಾಚ್ ಎಂಬವರ ಜೀವನವು ಒಳ್ಳೆಯ ನಿದರ್ಶನವಾಗಿದೆ. 1898ರಲ್ಲಿ ಬಾತ್ ಪಟ್ಟಣದ ಹತ್ತಿರ ಹುಟ್ಟಿದ ಇವರು ನಲ್ಲಿ ಕೊಳಾಯಿಗಳ ಕೆಲಸಗಾರರು. ಒಂದನೆಯ ಮಹಾಯುದ್ಧದಲ್ಲಿ ಕಡ್ಡಾಯದ ಸೈನ್ಯಭರ್ತಿಯ ಕಾನೂನಿನಂತೆ ದಂಡಿಗೆ ಸೇರಿ, ಬೆಲ್ಜಿಯಂ ದೇಶದ ಪಾಶೆನ್‌ಡೇಲ್ ರಣರಂಗದಲ್ಲಿ ಲೂಯಿಸ್ ಗನ್ ಎಂಬ ಮೆಷಿನ್‌ಗನ್ನಿನ ತಂಡದಲ್ಲಿದ್ದರು. 1917ರ ಸೆಪ್ಟೆಂಬರ್ 22ರ ರಾತ್ರಿ ಫಿರಂಗಿಯ ಗುಂಡೊಂದು ತಂಡದ ಮೇಲೆ ಸಿಡಿದು ಅವರ ಮೂವರು ಗೆಳೆಯರು ಮಡಿದರು. ಪ್ಯಾಚ್ ಗಾಯಗೊಂಡು ಉಳಿದರು. ಊರಿಗೆ ಮರಳಿ, ಮದುವೆಯಾಗಿ, ಮಕ್ಕಳನ್ನು ಪಡೆದು, ಕಸುಬು ನಡೆಸಿ, ವಿಶ್ರಾಂತಿ ಪಡೆದರು. ಇಷ್ಟು ದೀರ್ಘಕಾಲದಲ್ಲಿ ಆ ರಾತ್ರಿಯ ಸುದ್ದಿಯನ್ನು ತಮ್ಮ ಹೆಂಡತಿಯೊಡನೆಯೂ ಆಡಲಿಲ್ಲ. ಅವರು ಬಾಯಿ ತೆರೆದುದು 1998ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಉಳಿದಿರುವ ಯೋಧರ ಮಾತನ್ನು ಸಂಗ್ರಹಿಸಲು ಬಿ.ಬಿ.ಸಿ. ಸಂಸ್ಥೆಯವರು ಹುಡುಕಿಕೊಂಡು ಬಂದಾಗ. ಎಂಬತ್ತು ವರ್ಷಗಳ ಮೌನವದು!

ತೆರೆದ ಬಾಯಿ ಆಮೇಲೆ ಮುಚ್ಚಲಿಲ್ಲ. 2004ರಲ್ಲಿ ಅವರು ಅದೇ ರಣಭೂಮಿಗೆ ಹೋಗಿ, ಜರ್ಮನರ ಪಕ್ಷದಲ್ಲಿ ಕಾದಿದ್ದ ಶಾರ್ಲ್ ಕುಂಟ್ಸ್ ಎಂಬ ವೃದ್ಧರನ್ನು ಕಂಡು ಕೈಕುಲುಕಿದರು. 2007ರಲ್ಲಿ ಅವರ ಆತ್ಮಕಥೆಯು ಪ್ರಕಟವಾಯಿತು. ಆ ಮಾತುಗಳಲ್ಲಿ ಯುದ್ಧದ ಹೊಗಳಿಕೆಯಿಲ್ಲ. ಸತ್ತ ಮೂವರ ನೆನಪಿದೆ. ನಾಡೆಲ್ಲ ನವೆಂಬರ್ 11ನ್ನು ಸ್ಮರಣೆಯ ದಿನವೆಂದು ಆಚರಿಸುತ್ತಿದ್ದರೆ, ಪ್ಯಾಚ್ ಅವರಿಗೆ ಮಾತ್ರ ಸೆಪ್ಟೆಂಬರ್ 22ನೆಯ ತಾರೀಖೇ ಸ್ಮರಣೆಯ ದಿನವಾಗಿತ್ತು. 2009ರ ಜುಲೈ 25ರಂದು, ನೂರ ಹನ್ನೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನೂರಕ್ಕೆ ಮೊದಲೇ ಅವರು ಕಾಲವಶರಾಗಿದ್ದರೆ ಆ ಮೂವರು ಗೆಳೆಯರ ಕಥೆಯು ಅವರೊಡನೆಯೇ ಮಣ್ಣಾಗುತ್ತಿತ್ತು ಎಂಬುದನ್ನು ವಾಚಕರು ಯೋಚಿಸಿ ನೋಡಬೇಕು.

ಮೌನಕ್ಕೆ ಕಾರಣಗಳು ಹಲವು. ಹೇಳಹೊರಟರೆ ಕಂಡುದು ಮತ್ತೆ ಕಣ್ಣಮುಂದೆ ನಿಲ್ಲುವುದು ಒಂದು. ಜೊತೆಯವರು ಸತ್ತು ತಾನು ಉಳಿದೆನೆಂಬ ಸಂಕೋಚವು ಇನ್ನೊಂದು. ಮನೆಯವರ ಮನಸ್ಸು ಕೆಡಬಾರದೆಂಬ ಕನಿಕರವು ಮತ್ತೊಂದು. ಸೈನ್ಯದ ಗುಟ್ಟನ್ನು ಹೊರಗೆ ಆಡಬಾರದೆಂಬ ಶಿಸ್ತು ಮಗುದೊಂದು. ಇವುಗಳಲ್ಲದೆ ರೋಗವೆಂದು ಹೇಳತಕ್ಕ ಕಾರಣವೂ ಉಂಟು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ರಣರಂಗದಿಂದ ಬಂದವರ ನಡುಕ, ಮರವೆ, ಮಾತು ಕಟ್ಟುವಿಕೆಗಳನ್ನು ಕುರಿತು ಬರೆಯುತ್ತ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯರ ಪತ್ರಿಕೆಗೆ ತಂದರು. ಇಂಥ ಬಾಧೆಯು ಅಂಜುಬುರುಕುತನವಲ್ಲ, ಘೋರವಾದುದನ್ನು ಅನುಭವಿಸಿದ ಮನಸ್ಸಿನ ಗಾಯವೆಂದು ವೈದ್ಯಶಾಸ್ತ್ರವು ಇಂದು ಒಪ್ಪಿಕೊಂಡಿದೆ. ಆದರೆ ಎಲ್ಲ ಮೌನವೂ ರೋಗವಲ್ಲ. ಎಷ್ಟೋ ವೇಳೆ ಅವರು ಹೇಳದಿರುವುದಕ್ಕೆ ಕಾರಣ, ನಾವು ಕೇಳದಿರುವುದು. ಅಥವಾ ಕೇಳಬಾರದ ರೀತಿಯಲ್ಲಿ ಕೇಳುವುದು.

ಈಗ ನಮ್ಮವರ ಕಡೆಗೆ ತಿರುಗೋಣ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದ ಸ್ಮಾರಕವಿದೆ. ಮೈಸೂರು ಅರಸರ ಈ ದಳವು ಒಂದನೆಯ ಮಹಾಯುದ್ಧದಲ್ಲಿ ಈಜಿಪ್ಟು, ಪಾಲೆಸ್ತೀನ್ ದೇಶಗಳಲ್ಲಿ ಸೇವೆಮಾಡಿತು. 1918ರ ಸೆಪ್ಟೆಂಬರ್ 23ರಂದು ತುರ್ಕರ ವಶದಲ್ಲಿದ್ದ ಹೈಫಾ ಎಂಬ ಬಂದರನ್ನು ಹಿಡಿಯುವ ಕಾರ್ಯದಲ್ಲಿ ಮೈಸೂರಿನವರೂ ಜೋಧಪುರದವರೂ ಜೊತೆಗೂಡಿದರು. ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಿಷೋನ್ ನದಿಯ ಹುಸಿನೆಲ. ನಡುವೆ ಇಕ್ಕಟ್ಟಾದ ದಾರಿ. ಎತ್ತರದಲ್ಲಿ ಫಿರಂಗಿಗಳು ಮತ್ತು ಮೆಷಿನ್‌ಗನ್ನುಗಳು. ಮೈಸೂರಿನ ಸವಾರರು ಬೆಟ್ಟವನ್ನು ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಜೋಧಪುರದವರು ಕೆಳಗಿನಿಂದ ಈಟಿ ಹಿಡಿದು ಪಟ್ಟಣಕ್ಕೆ ನುಗ್ಗಿದರು. ಮಡಿದವರು 8 ಮಂದಿ, ಗಾಯಗೊಂಡವರು 34 ಮಂದಿ. ಸೆರೆಸಿಕ್ಕಿದ ಶತ್ರುಗಳು ಸುಮಾರು 1,350. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಯೋಧರು ಮೈಸೂರು, ಜೋಧಪುರ, ಹೈದರಾಬಾದುಗಳ ಈ ಅಶ್ವದಳಗಳ ನೆನಪಿಗಾಗಿಯೇ ನಿಂತಿರುವರು. ಮೈಸೂರಿನ ದಳವು ಮುಂದೆ 1953ರಲ್ಲಿ ಭಾರತ ಸೈನ್ಯದ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋಯಿತು.

ಇಷ್ಟನ್ನು ಚರಿತ್ರೆಯು ಹೇಳುತ್ತದೆ. ಆದರೆ ಆ ಬೆಟ್ಟವನ್ನು ಹತ್ತಿದ ಮೈಸೂರಿನ ಸವಾರನಿಗೆ ಆ ಹೊತ್ತಿನಲ್ಲಿ ಏನೆನ್ನಿಸಿತು? ತನ್ನ ಕುದುರೆಯು ಗುಂಡಿಗೆ ಬಿದ್ದಾಗ ಅವನು ಅತ್ತನೆ? ಊರಿಗೆ ಮರಳಿ ಜಗಲಿಯ ಮೇಲೆ ಕುಳಿತಾಗ ನೆರೆಯವರಿಗೆ ಏನೆಂದು ಹೇಳಿದನು? ಕೆಲವು ಮನೆಗಳಲ್ಲಿ ಹೇಳಿದ್ದಿರಬಹುದು, ಮೊಮ್ಮಕ್ಕಳು ಕೇಳಿದ್ದಿರಬಹುದು. ಬರೆದಿಟ್ಟು ಕನ್ನಡ ನಾಡಿನ ಎಲ್ಲರಿಗೂ ದೊರೆಯುವಂತೆ ಮಾಡಿದುದು ತೀರ ಅಲ್ಪ. ಇಂದು ಕೇಳೋಣವೆಂದರೆ ಅವರಲ್ಲಿ ಒಬ್ಬರೂ ಇಲ್ಲ. ಸ್ಮಾರಕವಿದೆ, ಸ್ವರವಿಲ್ಲ.

ಆ ಯುದ್ಧಕ್ಕೆ ಹೋದ ಭಾರತೀಯರ ಮಾತುಗಳಲ್ಲಿ ಕೆಲವು ಉಳಿದಿರುವ ಬಗೆಯು ಇನ್ನೂ ಸೋಜಿಗವಾದುದು. ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳು ಊರಿಗೆ ಬರೆದ, ಅಕ್ಷರ ಬಾರದವರು ಬಲ್ಲವರಿಂದ ಬರೆಯಿಸಿದ ಕಾಗದಗಳನ್ನು ಸೈನ್ಯದ ಪರಿಶೋಧಕರು ಒಡೆದು ಓದುತ್ತಿದ್ದರು. ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಧಿಕಾರಿಗಳಿಗೆ ವರದಿ ಒಪ್ಪಿಸುತ್ತಿದ್ದರು. ಇದನ್ನರಿತ ಸಿಪಾಯಿಗಳು ಒಗಟಿನಲ್ಲಿ ಬರೆಯುವುದನ್ನು ಕಲಿತರು: ಕರಿಮೆಣಸೆಂದರೆ ಭಾರತದ ಸೈನಿಕರು, ಕೆಂಪುಮೆಣಸೆಂದರೆ ಬಿಳಿಯರು; ಕರಿಮೆಣಸು ತೀರುತ್ತ ಬಂತೆಂದರೆ ಅರ್ಥವನ್ನು ಮನೆಯವರು ಊಹಿಸಿಕೊಳ್ಳಬೇಕು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜರ್ಮನಿಯಲ್ಲಿಯೂ ಹೀಗೆಯೇ ನಡೆಯಿತು. ಬರ್ಲಿನ್ ಬಳಿಯ ವ್ಯೂನ್ಸ್‌ಡೋರ್ಫ್ ಎಂಬಲ್ಲಿ ಸೆರೆಯಲ್ಲಿದ್ದ ಭಾರತೀಯರ ಧ್ವನಿಯನ್ನು ಅಲ್ಲಿಯ ಭಾಷಾಪಂಡಿತರು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟರು. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿನ ಸಿಪಾಯಿಯು ಆ ಯಂತ್ರದ ಮುಂದೆ ನಿಂತು, ತನ್ನ ಕಥೆಯನ್ನು ಬೇರೆ ಯಾರದೋ ಕಥೆಯೆಂಬಂತೆ ಹೇಳುತ್ತಾನೆ: ಹಿಂದುಸ್ತಾನದಲ್ಲಿ ಬೆಣ್ಣೆ ತಿಂದು ಬೆಳೆದವನೊಬ್ಬನು ಯುದ್ಧಕ್ಕೆ ಬಂದು ಸೆರೆಸಿಕ್ಕಿದನು, ಅವನಿಗೆ ತನ್ನ ನಾಡಿಗೆ ಹೋಗುವ ಆಸೆ. ಆ ಧ್ವನಿಯು ಬರ್ಲಿನ್ನಿನ ವಿಶ್ವವಿದ್ಯಾಲಯದ ಭಂಡಾರದಲ್ಲಿ ಉಳಿದಿದೆ.

ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಎರಡು ಕಡೆಗಳಲ್ಲಿಯೂ ನಮ್ಮವರ ಮಾತನ್ನು ಕಿವಿಗೊಟ್ಟು ಕೇಳಿದವರು ಪರರು. ಒಬ್ಬರು ರಾಜದ್ರೋಹವನ್ನು ಹುಡುಕಲು ಕೇಳಿದರು. ಇನ್ನೊಬ್ಬರು ವ್ಯಾಕರಣವನ್ನು ತಿಳಿಯಲು ಕೇಳಿದರು. ಆ ಮನುಷ್ಯನಿಗೋಸ್ಕರವಾಗಿ ಕೇಳಿದವರು ಯಾರೂ ಇಲ್ಲ. ತನ್ನವರು ಕೇಳದಿದ್ದ ಮಾತು ಪರರ ಪೆಟ್ಟಿಗೆಯಲ್ಲಿ ಉಳಿಯಿತೆಂಬುದು ಸಂತೋಷಪಡಬೇಕಾದುದೋ ನಾಚಬೇಕಾದುದೋ ಹೇಳುವುದು ಕಷ್ಟ.

ಮರಳಿ ಬಂದವರ ಮಾತನ್ನು ಅವರಿಗೋಸ್ಕರವಾಗಿಯೇ ಕೇಳಿ, ಜನರ ಮುಂದಿಡುವ ಪದ್ಧತಿಯು ಬೇರೆ ದೇಶಗಳಲ್ಲಿ ಕ್ರಮೇಣ ಬೆಳೆಯಿತು. 1964ರಲ್ಲಿ ಬಿ.ಬಿ.ಸಿ.ಯವರು ಮಹಾಯುದ್ಧವನ್ನು ಕುರಿತು 26 ಕಂತುಗಳ ಚಿತ್ರಮಾಲೆಯನ್ನು ತೋರಿಸಿದಾಗ ವೃದ್ಧ ಸೈನಿಕರನ್ನು ಕ್ಯಾಮರಾದ ಮುಂದೆ ಕುಳ್ಳಿರಿಸಿ ಮಾತನಾಡಿಸಿದರು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಿಂದ ಯೋಧರ ಧ್ವನಿಗಳನ್ನು ಕ್ರಮವಾಗಿ ಸಂಗ್ರಹಿಸತೊಡಗಿತು. ಈ ಎರಡು ಸಂಗ್ರಹಗಳಿಂದ ಸುಮಾರು 200 ಯೋಧರ 600 ಗಂಟೆಗಳ ಮಾತನ್ನು ಕೇಳಿ, ಪೀಟರ್ ಜ್ಯಾಕ್ಸನ್ ಎಂಬ ನಿರ್ದೇಶಕರು 2018ರಲ್ಲಿ ಚಲನಚಿತ್ರವೊಂದನ್ನು ರಚಿಸಿದರು. ಅದರಲ್ಲಿ ಚರಿತ್ರಕಾರರ ವ್ಯಾಖ್ಯಾನವೇ ಇಲ್ಲ. ಆದ್ಯಂತವೂ ಹೋಗಿ ಬಂದವರದೇ ಮಾತು. ಮಾತನಾಡಿದವರೆಲ್ಲರೂ ಅಷ್ಟರಲ್ಲಿ ಕಾಲವಾಗಿದ್ದರು. ಸಮಯಕ್ಕೆ ಸರಿಯಾಗಿ ಯಾರೋ ಕೇಳಿದ್ದರಿಂದ ಅವರ ಮಾತು ಮೊಮ್ಮಕ್ಕಳ ಮಕ್ಕಳಿಗೂ ಮುಟ್ಟಿತು.

ಗೃಹಸ್ಥರಾದ ನಮ್ಮ ವಾಚಕರಿಗೆ ಹೆಚ್ಚು ಹತ್ತಿರವಾದುದು ಅಮೆರಿಕ ದೇಶದ ಪ್ರಯತ್ನ. ರಾನ್ ಕೈಂಡ್ ಎಂಬವರು ಅಲ್ಲಿಯ ಪ್ರತಿನಿಧಿಸಭೆಯ ಸದಸ್ಯರಾಗಿದ್ದರು. ತಂದೆಯರ ದಿನದಂದು ಕುಟುಂಬದವರೆಲ್ಲ ಊಟಕ್ಕೆ ನೆರೆದಿದ್ದಾಗ ಅವರ ತಂದೆಯೂ ಚಿಕ್ಕಪ್ಪನೂ ತಮ್ಮ ಯುದ್ಧಕಾಲದ ಸೇವೆಯ ಸಂಗತಿಗಳನ್ನು ಹೇಳತೊಡಗಿದರು. ಕೈಂಡ್ ಅವರು ಅದುವರೆಗೆ ಆ ಕಥೆಗಳನ್ನು ಕೇಳಿರಲಿಲ್ಲ. ತಮ್ಮ ಚಿಕ್ಕ ಮಕ್ಕಳು ಮುಂದೆ ಕೇಳಲೆಂದು ಕೂಡಲೇ ಕ್ಯಾಮರಾವನ್ನು ತಂದು ಅದನ್ನು ಚಿತ್ರಿಸಿಕೊಂಡರು. ಆ ಊಟದ ಮೇಜಿನಿಂದ ಹೊರಟ ಯೋಚನೆಯು 2000ದ ಅಕ್ಟೋಬರಿನಲ್ಲಿ ಒಂದು ಕಾನೂನಾಯಿತು. ಅದರಂತೆ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಅಲ್ಲಿಯ ಮಹಾಗ್ರಂಥಾಲಯವು ಯೋಧರ ಮಾತುಗಳನ್ನು ಸಂಗ್ರಹಿಸುತ್ತದೆ. ಒಂದು ಲಕ್ಷಕ್ಕೂ ಮಿಕ್ಕಿದ ಸಂಗ್ರಹಗಳು ಅಲ್ಲಿವೆ. ಇದರಲ್ಲಿ ವಿಶೇಷವೇನೆಂದರೆ, ಪ್ರಶ್ನೆ ಕೇಳತಕ್ಕವರು ಪಂಡಿತರೇ ಆಗಬೇಕೆಂಬ ನಿಯಮವಿಲ್ಲ. ಮಗಳು ತಂದೆಯನ್ನು ಕೇಳಬಹುದು. ಶಾಲೆಯ ಹುಡುಗನು ನೆರೆಮನೆಯ ಅಜ್ಜನನ್ನು ಕೇಳಬಹುದು. ಸಂಭಾಷಣೆಯು ಅರ್ಧ ಗಂಟೆಗೆ ಕಡಮೆಯಿರಬಾರದು, ಅಷ್ಟೆ. ದಂಡನಾಯಕನ ಮಾತಿಗೂ ಅಡಿಗೆಯವನ ಮಾತಿಗೂ ಅಲ್ಲಿ ಒಂದೇ ಮಣೆ.

ನಮ್ಮ ದೇಶದಲ್ಲಿ ಹೇಳಿದವರೇ ಇಲ್ಲವೆಂದು ಇದರ ಅರ್ಥವಲ್ಲ. 1962ರ ಚೀನಾ ಯುದ್ಧದಲ್ಲಿ ಏಳನೆಯ ಬ್ರಿಗೇಡಿನ ನಾಯಕರಾಗಿದ್ದು ಸೆರೆಸಿಕ್ಕಿದ ಬ್ರಿಗೇಡಿಯರ್ ಜಾನ್ ದಳವಿಯವರು, ಬಿಡುಗಡೆಯಾಗಿ ಬಂದ ಮೇಲೆ ತಾವು ಕಂಡುದನ್ನೆಲ್ಲ ನಿರ್ಭಯವಾಗಿ ಬರೆದು 1969ರಲ್ಲಿ ಪ್ರಕಟಿಸಿದರು. ರವಿ ಬೆಳಗೆರೆಯವರ ಅನುವಾದದ ಮೂಲಕ ಆ ‘ಹಿಮಾಲಯನ್ ಬ್ಲಂಡರ್’ ಗ್ರಂಥವು ಕನ್ನಡಿಗರ ಮನೆಗಳನ್ನೂ ಸೇರಿತು. ಗೆಲುವಿನ ಕಥೆಯನ್ನು ಹೇಳುವುದು ಸುಲಭ. ಸೋಲಿನ ಕಥೆಯನ್ನು ಹೇಳಲು ಬೇರೆ ಬಗೆಯ ಧೈರ್ಯ ಬೇಕು. 1999ರ ಕಾರ್ಗಿಲ್ ಸಮರದಲ್ಲಿ ಟೈಗರ್ ಹಿಲ್ ಎಂಬ ಶಿಖರವನ್ನು ಏರಿ, ಮೈತುಂಬ ಗುಂಡೇಟು ತಿಂದೂ ಬದುಕಿ ಬಂದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ ಕೇವಲ ಹತ್ತೊಂಬತ್ತು ವಯಸ್ಸು. ಪರಮವೀರ ಚಕ್ರವನ್ನು ಪಡೆದ ಇವರು ಆ ರಾತ್ರಿಯ ಕಥೆಯನ್ನು ಸಭೆಗಳಲ್ಲಿ ಎಷ್ಟೋ ಸಲ ಹೇಳಿರುವರು. ತಮ್ಮ ಸುತ್ತ ಒಬ್ಬೊಬ್ಬರಾಗಿ ಬಿದ್ದ ಜೊತೆಗಾರರನ್ನು ಬಿಟ್ಟು ಹೇಳುವುದಿಲ್ಲ.

ಆದರೆ ಪುಸ್ತಕ ಬರೆಯಬಲ್ಲ ಅಧಿಕಾರಿಗಳೂ ಪದಕ ಪಡೆದ ವೀರರೂ ಎಷ್ಟು ಮಂದಿ? ಎರಡನೆಯ ಮಹಾಯುದ್ಧದಲ್ಲಿ ಭಾರತ ಸೈನ್ಯವನ್ನು ಸೇರಿದವರು ಸುಮಾರು 25 ಲಕ್ಷ. 1945ರಲ್ಲಿ ಹದಿನೆಂಟರ ತರುಣನಾಗಿದ್ದವನು ಇಂದು ಬದುಕಿದ್ದರೆ ನೂರರ ಹತ್ತಿರದವನು. 1962ರಲ್ಲಿ ಹಿಮದಲ್ಲಿ ನಿಂತಿದ್ದವರು ಎಂಬತ್ತನ್ನು ದಾಟಿದವರು. 1965 ಮತ್ತು 1971ರ ಯುದ್ಧಗಳಲ್ಲಿದ್ದವರೂ ಮುಪ್ಪಿನಲ್ಲಿರುವರು. ಕೊಡಗಿನಲ್ಲಿಯೂ ಬೆಳಗಾವಿಯ ಸೀಮೆಯಲ್ಲಿಯೂ ಸೈನ್ಯದಿಂದ ಬಂದವರಿಲ್ಲದ ಊರನ್ನು ಕಾಣುವುದು ಕಷ್ಟ. ಅವರ ಹೆಸರು ಯಾವ ಗ್ರಂಥದಲ್ಲಿಯೂ ಇರಲಾರದು. ಅವರ ಮನೆಯವರು ಕೇಳದಿದ್ದರೆ ಬೇರೆ ಯಾರು ಕೇಳಬೇಕು?

ಕೇಳುವುದಕ್ಕೂ ಒಂದು ಮರ್ಯಾದೆಯುಂಟು. ಮೊದಲನೆಯದಾಗಿ, ‘ಎಷ್ಟು ಜನರನ್ನು ಕೊಂದಿರಿ?’ ಎಂಬ ಪ್ರಶ್ನೆಯನ್ನು ಎಂದಿಗೂ ಕೇಳಕೂಡದು. ಮಕ್ಕಳು ಕೇಳಿದರೆ ತಡೆಯಬೇಕು. ಆ ಒಂದು ಪ್ರಶ್ನೆಯು ತೆರೆಯಲಿದ್ದ ಬಾಯಿಯನ್ನು ಮುಚ್ಚಿಸಬಲ್ಲುದು. ಸಣ್ಣ ಸಂಗತಿಗಳಿಂದ ಪ್ರಾರಂಭಿಸುವುದು ಮೇಲು. ಮನೆ ಬಿಟ್ಟ ದಿನ ತಾಯಿ ಏನು ಕಟ್ಟಿಕೊಟ್ಟಳು? ಅಲ್ಲಿ ಊಟಕ್ಕೇನು ಸಿಕ್ಕುತ್ತಿತ್ತು? ಚಳಿಗೆ ಏನು ಹೊದೆಯುತ್ತಿದ್ದಿರಿ? ಕನ್ನಡ ಆಡುವವರು ಜೊತೆಯಲ್ಲಿ ಯಾರಿದ್ದರು? ಊರಿನ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು? ಇಂಥ ಪ್ರಶ್ನೆಗಳ ದಾರಿಯಲ್ಲಿ ಹೇಳುವವರು ತಾವಾಗಿಯೇ ದೊಡ್ಡ ಸಂಗತಿಗೆ ಬರುವರು. ಬಾರದಿದ್ದರೆ ಬಲವಂತ ಸಲ್ಲದು. ನಡುವೆ ಮಾತು ನಿಂತರೆ ನಾವೂ ಸುಮ್ಮನಿರಬೇಕು. ಕಣ್ಣೀರು ಬಂದರೆ ಅಂದಿಗೆ ಅಲ್ಲಿಗೇ ಮುಗಿಸಬೇಕು. ನಿದ್ರೆ ಕೆಡುವುದು, ಬೆಚ್ಚಿಬೀಳುವುದು ಹೆಚ್ಚಾದರೆ ಅದು ವೈದ್ಯರಿಗೆ ತಿಳಿಸಬೇಕಾದ ವಿಷಯ. ನಮ್ಮ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲ.

ಎರಡನೆಯದಾಗಿ, ನಾವು ಕೇಳಬಯಸುವ ಕಥೆಯನ್ನು ಅವರ ಬಾಯಲ್ಲಿ ತುರುಕಬಾರದು. ಸಭೆಯ ಚಪ್ಪಾಳೆಗೆ ಶೌರ್ಯವೇ ಬೇಕು. ಭಯ, ಬೇಸರ, ಪಶ್ಚಾತ್ತಾಪಗಳು ಅದಕ್ಕೆ ರುಚಿಸವು. ಮನೆಯ ಜಗಲಿಯಲ್ಲಿ ಆ ನಿರ್ಬಂಧವಿಲ್ಲ. ಹೆದರಿದೆನೆಂದು ಹೇಳಿದ ಯೋಧನು ಕಡಮೆಯವನಾಗುವುದಿಲ್ಲ. ಹೆದರಿಯೂ ನಿಂತನೆಂಬುದೇ ಅವನ ಹಿರಿಮೆ. ಮೂರನೆಯದಾಗಿ, ನೆನಪು ಐವತ್ತು ವರ್ಷಗಳಲ್ಲಿ ತಾರೀಖನ್ನು ಮರೆಯುತ್ತದೆ, ಒಂದು ಊರನ್ನು ಇನ್ನೊಂದೆನ್ನುತ್ತದೆ. ಇದಕ್ಕಾಗಿ ಮಾತನ್ನು ಅಲ್ಲಗಳೆಯಬೇಕಾದುದಿಲ್ಲ. ಸೇವೆಯ ಪುಸ್ತಕ, ಪದಕ, ಹಳೆಯ ಕಾಗದ, ಛಾಯಾಚಿತ್ರಗಳೊಡನೆ ಹೋಲಿಸಿ ಗುರುತು ಹಾಕಿಕೊಂಡರೆ ಸಾಕು. ಛಾಯಾಚಿತ್ರದ ಹಿಂದೆ ಅದರಲ್ಲಿರುವವರ ಹೆಸರನ್ನು ಅವರಿರುವಾಗಲೇ ಬರೆಯಿಸಿಡಬೇಕು. ಅವರ ತರುವಾಯ ಅದು ಹೆಸರಿಲ್ಲದ ಮುಖಗಳ ಕಾಗದವಾಗುವುದು. ಮನೆಯ ಹೊರಗೆ ಹೇಳಲು ಅವರ ಒಪ್ಪಿಗೆಯನ್ನು ಕೇಳತಕ್ಕದ್ದು. ಮನೆಯೊಡತಿಯನ್ನು ಮರೆಯಲಾಗದು: ತಂತಿಯವನು ಬೀದಿಗೆ ಬಂದರೆ ಎದೆ ಹಾರುತ್ತಿದ್ದ ಆ ತಿಂಗಳುಗಳನ್ನು ಕಳೆದವಳು ಆಕೆ, ಆಕೆಯ ಮಾತೂ ಯುದ್ಧದ ಮಾತೇ.

ಇದಕ್ಕೆ ಹಣ ಬೇಕಿಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ಧ್ವನಿಯನ್ನು ಹಿಡಿದಿಡುವ ಅನುಕೂಲ ಇಂದು ಬಹುತೇಕ ಮನೆಗಳಲ್ಲಿದೆ. ಅದಿಲ್ಲದಿದ್ದರೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು. ಬೇಕಾದುದು ಒಂದು ಸಂಜೆಯ ಬಿಡುವು. ಮತ್ತು ಹೇಳುವವರು ಹೇಳಿ ಮುಗಿಸುವವರೆಗೆ ಏಳದೆ ಕುಳಿತಿರುವ ತಾಳ್ಮೆ. ನಿಮ್ಮ ಮನೆಯಲ್ಲಿಯೋ ನೆಂಟರಲ್ಲಿಯೋ ನೆರೆಯಲ್ಲಿಯೋ ದಂಡಿನಿಂದ ಮರಳಿದ ಹಿರಿಯರಿದ್ದರೆ, ಮುಂದಿನ ಹಬ್ಬಕ್ಕೆಂದು ಮುಂದೂಡದೆ ಈ ವಾರವೇ ಅವರ ಬಳಿ ಹೋಗಿ ಕುಳಿತುಕೊಳ್ಳಿರೆಂಬುದು ನಮ್ಮ ಪ್ರಾರ್ಥನೆ.